ಗುಲಾಮ ತಾಯಂದಿರ ನೋವಿನ ಕವಿತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಮುಖ್ಯವಾಗಿ 19ನೇ ಶತಮಾನದ ಅಮೆರಿಕದಲ್ಲಿ ಅಚ್ಚಾದ ಇಂಗ್ಲಿಷ್ ಕವಿತೆಗಳ ವಿಚಾರ. ಕೇಂದ್ರದಲ್ಲಿರುವವರು ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್. ಪಠ್ಯಕ್ಕಾಗಿ ಓದುವವರು, ಓದುಬಳಗದಲ್ಲಿ ಚರ್ಚೆಗೆ ಎತ್ತಿಕೊಳ್ಳುವವರು, ಕನ್ನಡಕ್ಕೆ ತರಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು.

ಯಾವ ಕವಿತೆಯಿಂದ ಶುರು ಮಾಡಬೇಕು?

ಹಾರ್ಪರ್ ಅವರ 1854ರ ‘ದಿ ಸ್ಲೇವ್ ಮದರ್’ನಿಂದ. ನಾಲ್ಕು ಸಾಲಿನ ಹತ್ತು ಪದ್ಯ, ಒಟ್ಟು ನಲವತ್ತೇ ಸಾಲು, ಸರಳ ಇಂಗ್ಲಿಷ್. ಅದಾದ ಮೇಲೆ ಅದೇ ಸಂಕಲನದ ‘ದಿ ಸ್ಲೇವ್ ಆಕ್ಷನ್’ (ಗುಲಾಮರ ಹರಾಜು) ಓದಿ. ಮೂರನೆಯದಾಗಿ 1857ರಲ್ಲಿ ಬಂದ, ಓಹಾಯೋ ನದಿ ದಾಟಿದ ತಾಯಿಯ ಬಗ್ಗೆ ಹಾರ್ಪರ್ ಅವರದೇ ಇನ್ನೊಂದು ಕವಿತೆ. ಇಂಗ್ಲೆಂಡಿನ ಕವಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ‘ದಿ ರನ್‌ಅವೇ ಸ್ಲೇವ್ ಅಟ್ ಪಿಲ್‌ಗ್ರಿಮ್ಸ್ ಪಾಯಿಂಟ್’ ನಾಲ್ಕನೆಯದು. ಅದು ಉದ್ದ, ಕಷ್ಟ, ಓದಿದ ರಾತ್ರಿ ನಿದ್ದೆ ಬರುವುದು ಅನುಮಾನ. ಕೊನೆಗೆ ಹಾರ್ಪರ್‌ರ 1872ರ ‘ಸ್ಕೆಚಸ್ ಆಫ್ ಸದರ್ನ್ ಲೈಫ್’ನಲ್ಲಿ ಮುದುಕಿ ಕ್ಲೋಯಿ ಮಾತಾಡುವ ಪದ್ಯಗಳು. ಬ್ರೌನಿಂಗ್‌ರಿಂದಲೇ ಶುರು ಮಾಡಿದವರು ಹಾರ್ಪರ್‌ಗೆ ಬಂದಾಗ ‘ಇದು ತೀರಾ ಸಾದಾ’ ಎಂದು ಪುಟ ತಿರುಗಿಸಿಬಿಡುತ್ತಾರೆ. ಆ ಕಾರಣಕ್ಕೇ ಈ ಕ್ರಮ.

ಹಾರ್ಪರ್ ಯಾರು? ಅವರೂ ಗುಲಾಮರಾಗಿದ್ದರೇ?

ಇಲ್ಲ. 1825ರಲ್ಲಿ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ ಸ್ವತಂತ್ರ ಕಪ್ಪು ಕುಟುಂಬದಲ್ಲಿ ಹುಟ್ಟಿದವರು. ಮೇರಿಲ್ಯಾಂಡ್ ಗುಲಾಮಗಿರಿ ಇದ್ದ ರಾಜ್ಯ. ಸ್ವತಂತ್ರರಾದವರೂ ಅಲ್ಲಿ ಅಳುಕಿಕೊಂಡೇ ಬದುಕಬೇಕಿತ್ತು. ಮೂರು ವರ್ಷ ತುಂಬುವ ಹೊತ್ತಿಗೆ ತಾಯಿ ಇರಲಿಲ್ಲ. ಚಿಕ್ಕಂದಿನಲ್ಲಿ ಸಾಕಿದ್ದು ಶಾಲೆ ನಡೆಸುತ್ತಿದ್ದ ಮಾವ ವಿಲಿಯಂ ವಾಟ್ಕಿನ್ಸ್. ಹದಿಹರೆಯದಲ್ಲಿ ಪುಸ್ತಕ ವ್ಯಾಪಾರಿಯೊಬ್ಬರ ಮನೆಯಲ್ಲಿ ಹೊಲಿಗೆ, ಮಕ್ಕಳ ಆರೈಕೆಯ ಕೆಲಸಕ್ಕಿದ್ದರು, ಓದಿದ್ದು ಅಲ್ಲೇ. ಆಮೇಲೆ ಓಹಾಯೋದಲ್ಲೂ ಪೆನ್ಸಿಲ್ವೇನಿಯಾದಲ್ಲೂ ಮೇಷ್ಟರಗಿತ್ತಿ.

ಹೊರಗಿನಿಂದ ಬರುವ ಸ್ವತಂತ್ರ ಕಪ್ಪು ಜನರನ್ನು ಹಿಡಿದು ಮಾರಬಹುದು ಎಂಬ ಕಾನೂನನ್ನು ಮೇರಿಲ್ಯಾಂಡ್ 1853ರಲ್ಲಿ ತಂದಿತು. ಅಲ್ಲಿಗೆ ಹುಟ್ಟೂರಿನ ಬಾಗಿಲು ಮುಚ್ಚಿದಂತೆ. ಆ ಕಾನೂನಿಗೆ ಸಿಕ್ಕಿ ಜಾರ್ಜಿಯಾಕ್ಕೆ ಮಾರಾಟವಾಗಿ, ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬಿದ್ದು ಸತ್ತ ಒಬ್ಬನ ಸುದ್ದಿ ಅವರನ್ನು ವೇದಿಕೆಗೆ ಎಳೆದು ತಂದಿತು. 1854ರಿಂದ ಊರೂರು ತಿರುಗಿ ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿದರು, ಭಾಷಣದ ಜೊತೆ ಕವಿತೆಗಳನ್ನು ಓದಿದರು. ‘ಪೊಯೆಮ್ಸ್ ಆನ್ ಮಿಸಲೇನಿಯಸ್ ಸಬ್ಜೆಕ್ಟ್ಸ್’ ಸಂಕಲನ ಬಂದದ್ದು ಆ ವರ್ಷವೇ, ಗುಲಾಮಗಿರಿ ವಿರೋಧಿ ಪತ್ರಿಕೆಯ ಸಂಪಾದಕ ವಿಲಿಯಂ ಲಾಯ್ಡ್ ಗ್ಯಾರಿಸನ್‌ರ ಮುನ್ನುಡಿಯೊಂದಿಗೆ. ಕೆಲವೇ ವರ್ಷಗಳಲ್ಲಿ ಹತ್ತು ಸಾವಿರ ಪ್ರತಿ ದಾಟಿತು. ತೀರಿಕೊಂಡದ್ದು 1911ರಲ್ಲಿ.

ಅದಕ್ಕೂ ಮೊದಲಿನ ಅವರ ಕಿರುಸಂಕಲನ ‘ಫಾರೆಸ್ಟ್ ಲೀವ್ಸ್’ ಕಳೆದೇಹೋಯಿತು ಎಂದು ಬಹಳ ಕಾಲ ನಂಬಲಾಗಿತ್ತು. ಈ ಶತಮಾನದಲ್ಲಿ ಸಂಶೋಧಕಿ ಜೊಹಾನಾ ಓರ್ಟ್ನರ್ ಅದನ್ನು ಮೇರಿಲ್ಯಾಂಡ್‌ನ ಇತಿಹಾಸ ಸಂಗ್ರಹವೊಂದರಲ್ಲಿ ಹುಡುಕಿ ತೆಗೆದರು. ಹಳೆಯ ಪಠ್ಯಪುಸ್ತಕದಲ್ಲಿ ‘ಒಂದು ಪ್ರತಿಯೂ ಉಳಿದಿಲ್ಲ’ ಎಂದಿದ್ದರೆ ತಿದ್ದಿಕೊಳ್ಳಿ.

1854ರ ‘ದಿ ಸ್ಲೇವ್ ಮದರ್’ ಕವಿತೆಯಲ್ಲಿ ನಡೆಯುವುದೇನು? ಕಥೆ ಬಹಳ ಚಿಕ್ಕದಲ್ಲವೇ?

ಕಥೆ ಎರಡೇ ಮಾತಿನದು: ತಾಯಿಯ ಪಕ್ಕದಲ್ಲಿ ಹುಡುಗನಿದ್ದಾನೆ, ಅವನನ್ನು ಕಿತ್ತುಕೊಳ್ಳುತ್ತಾರೆ. ನೋಡಬೇಕಾದದ್ದು ಅದನ್ನು ಕಟ್ಟಿರುವ ರೀತಿ.

ಮೊದಲ ಮೂರು ಪದ್ಯಗಳು ಪ್ರಶ್ನೆಗಳು. ಆ ಚೀರು ಕೇಳಿದಿರಾ? ಬಿಗಿದ ಆ ಕೈಗಳನ್ನು ನೋಡಿದಿರಾ? ಬೇಡುವ ಆ ಕಣ್ಣನ್ನು ನೋಡಿದಿರಾ? ಇಲ್ಲಿ ಇಡೀ ಹೆಂಗಸು ಕಾಣುವುದೇ ಇಲ್ಲ. ದನಿ, ಕೈ, ಬಾಗಿದ ತಲೆ, ನಡುಗುವ ಮೈ, ಕಣ್ಣು ಎಂದು ಬಿಡಿಬಿಡಿಯಾಗಿ ಕಾಣುತ್ತಾಳೆ. ಹರಾಜಿಗೆ ಬಂದ ಗಿರಾಕಿ ನೋಡುತ್ತಿದ್ದದ್ದೂ ಹೀಗೆಯೇ, ಕೈ ಕಾಲು ಹಲ್ಲು ಲೆಕ್ಕ ಹಾಕಿಕೊಂಡು. ನಾಲ್ಕನೆಯ ಪದ್ಯದಲ್ಲಿ ಒಮ್ಮೆಲೇ ಉತ್ತರ: ಅವಳೊಬ್ಬ ತಾಯಿ. ಹುಡುಗ ಅವಳ ಉಡುಪಿನ ಮರೆಗೆ ಹೊಕ್ಕು ಬಚ್ಚಿಟ್ಟುಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ.

ಐದು ಮತ್ತು ಆರನೆಯ ಪದ್ಯ ಕವಿತೆಯ ಬೆನ್ನೆಲುಬು. ‘ಅವನು ಅವಳವನಲ್ಲ’ ಎಂದು ಮೂರು ಸಲ ಬರುತ್ತದೆ: ಹೆತ್ತ ನೋವು ಅವಳದೇ ಆದರೂ ಅವಳವನಲ್ಲ, ಮೈಯಲ್ಲಿ ಹರಿಯುವುದು ಅವಳ ನೆತ್ತರೇ ಆದರೂ ಅವಳವನಲ್ಲ, ಕ್ರೂರ ಕೈಗಳು ಕಿತ್ತುಕೊಳ್ಳಬಹುದಾದ್ದರಿಂದ ಅವಳವನಲ್ಲ. ಮೊದಲ ಎರಡರಲ್ಲಿ ‘ಆದರೂ’, ಮೂರನೆಯದರಲ್ಲಿ ‘ಆದ್ದರಿಂದ’. ಮೂರೂ ಒಂದೇ ಎಂದು ಓದಿದವರಿಗೆ ಈ ತಿರುವು ತಪ್ಪಿಹೋಗುತ್ತದೆ.

ಏಳು ಮತ್ತು ಎಂಟು, ಅವನಿದ್ದ ದಿನಗಳ ನೆನಪು. ಒಂಬತ್ತರಲ್ಲಿ ಕೃತ್ಯ. ಹತ್ತರಲ್ಲಿ ಮೊದಲ ಪದ್ಯದ ಮಾತೇ ಮರಳಿ ಬರುತ್ತದೆ, ಆದರೆ ಒಂದು ಬದಲಾವಣೆಯೊಂದಿಗೆ. ಮೊದಲಿಗೆ ‘ಭಾರ ಹೊತ್ತ ಹೃದಯವೊಂದು ಒಡೆಯುತ್ತಿದೆಯೇನೋ ಎನ್ನುವ ಹಾಗಿತ್ತು’. ಕೊನೆಗೆ ‘ಅವಳು ತಾಯಿ, ಅವಳ ಹೃದಯ ಒಡೆಯುತ್ತಿದೆ’. ಮೊದಲು ದೂರದಿಂದ ಕೇಳಿದವನ ಊಹೆ, ಕೊನೆಗೆ ಸಾಕ್ಷಿಯ ಹೇಳಿಕೆ. ನಡುವಿನ ಎಂಟು ಪದ್ಯಗಳು ಇರುವುದು ಆ ‘ಏನೋ’ವನ್ನು ಅಳಿಸಲಿಕ್ಕೆ.

ಅವಳಿಗೆ ಹೆಸರಿಲ್ಲ, ಊರಿಲ್ಲ. ಕೊಂಡವನ ಮುಖವೂ ಇಲ್ಲ, ಬೆಲೆಯೂ ಇಲ್ಲ. ‘ಯಾವನೋ ಒಬ್ಬ ಕೆಟ್ಟ ಧಣಿಯ ಕಥೆ’ ಎಂದು ಓದುಗ ಕೈತೊಳೆದುಕೊಳ್ಳಲು ದಾರಿಯೇ ಇಲ್ಲದ ಹಾಗೆ ಬರೆದಿದ್ದಾರೆ.

‘ಅವನು ಅವಳವನಲ್ಲ’ ಎಂಬುದು ಭಾವುಕ ಉತ್ಪ್ರೇಕ್ಷೆಯೇ?

ಅಲ್ಲ. ಅದು ಅಂದಿನ ಕಾನೂನಿನ ನೇರ ಮಾತು. ಈ ಒಂದು ಸಂಗತಿ ಮನಸ್ಸಿಗೆ ಬಂದರೆ ಉಳಿದ ಕವಿತೆಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ.

1662ರ ಡಿಸೆಂಬರ್‌ನಲ್ಲಿ ವರ್ಜೀನಿಯಾ ವಸಾಹತಿನ ಶಾಸನಸಭೆ ಒಂದು ನಿಯಮ ಮಾಡಿತು: ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯ ಮೇಲೆ ಮಾತ್ರ ನಿಲ್ಲುತ್ತದೆ. ಇಂಗ್ಲೆಂಡಿನ ರೂಢಿಯಲ್ಲಿ ಮಗು ತಂದೆಯ ಸ್ಥಾನ ಪಡೆಯುತ್ತಿತ್ತು. ಇಲ್ಲಿ ಬೇಕೆಂದೇ ತಲೆಕೆಳಗು ಮಾಡಿದರು. ಪರಿಣಾಮ ಎರಡು. ಬಿಳಿಯ ಧಣಿ ಗುಲಾಮ ಹೆಂಗಸಿನಲ್ಲಿ ಮಗು ಹುಟ್ಟಿಸಿದರೆ ಆ ಮಗು ಅವನ ವಾರಸುದಾರನಲ್ಲ, ಅವನ ಸೊತ್ತು. ಎರಡನೆಯದಾಗಿ, ಗುಲಾಮ ತಾಯಿಯ ಪ್ರತಿ ಹೆರಿಗೆಯೂ ಧಣಿಯ ಲೆಕ್ಕಪುಸ್ತಕದಲ್ಲಿ ಜಮಾ. ಈ ತತ್ತ್ವ ಉಳಿದ ವಸಾಹತುಗಳಿಗೂ ಹಬ್ಬಿ ಸುಮಾರು ಎರಡು ಶತಮಾನ ನಡೆಯಿತು.

ಎಂದರೆ ಗುಲಾಮಗಿರಿ ಮಗುವಿಗೆ ಬರುವುದೇ ತಾಯಿಯ ಬಸಿರಿನಿಂದ, ಆದರೆ ತಾಯ್ತನದ ಹಕ್ಕು ಅವಳಿಗಿಲ್ಲ. ಹಾರ್ಪರ್‌ರ ಐದನೆಯ ಪದ್ಯ ಹೇಳುವುದು ಇದನ್ನೇ. ನೋವು, ನೆತ್ತರು ಎರಡನ್ನೂ ದಾಖಲೆಯಂತೆ ಮುಂದಿಟ್ಟು, ಅದರ ಮೇಲೂ ನಡೆಯದ ದಾವೆ. ಕವಿತೆಯಲ್ಲಿ ಮಗುವಿನ ಅಪ್ಪ ಎಲ್ಲೂ ಇಲ್ಲದಿರುವುದಕ್ಕೂ ಇದೇ ಕಾರಣ ಇರಬಹುದು. ಕಾನೂನಿಗೆ ಅವನು ಲೆಕ್ಕಕ್ಕಿಲ್ಲ. ಎಂಟನೆಯ ಪದ್ಯದ ಕೊನೆಯಲ್ಲಿ ‘ಓ ತಂದೆಯೇ, ಇವರು ಅಗಲಲೇಬೇಕೇ?’ ಎಂದು ಬರುವುದು ದೇವರಿಗೆ ಹೇಳಿದ ಮಾತು. ಮಗುವಿನ ತಂದೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಮಕ್ಕಳನ್ನು ಬೇರೆ ಮಾಡಿ ಮಾರುವುದು ಅಷ್ಟು ಸಾಮಾನ್ಯವಾಗಿತ್ತೇ? ಕಾರಣ ಏನು?

ಸಾಮಾನ್ಯವಾಗಿತ್ತು. ಎಲ್ಲಕ್ಕೂ ಧಣಿಯ ಕ್ರೌರ್ಯವೇ ಕಾರಣ ಅಂದುಕೊಳ್ಳಬೇಡಿ. ಹಲವು ಸಲ ಕಾರಣ ಸಾಲ ಅಥವಾ ಸಾವು. ಧಣಿ ಸತ್ತರೆ ಆಸ್ತಿ ಪಾಲಾಗುತ್ತದೆ, ಜನರೂ ಪಾಲಾಗುತ್ತಾರೆ. ಸಾಲ ತೀರಿಸಬೇಕಾದರೆ ಬೇಗ ಕಾಸಾಗುವ ಸೊತ್ತು ಮನುಷ್ಯರೇ. ‘ಒಳ್ಳೆಯ ಧಣಿ’ಯ ಮನೆಯಲ್ಲಿದ್ದವಳಿಗೂ ಆ ಕಾರಣದಿಂದಲೇ ಭರವಸೆ ಇರಲಿಲ್ಲ.

ಇದರ ಮೇಲೆ 1808ರ ಸಂಗತಿ. ಆ ವರ್ಷದ ಜನವರಿ 1ರಿಂದ ಹೊರಗಿನಿಂದ ಗುಲಾಮರನ್ನು ತರಿಸುವುದನ್ನು ಅಮೆರಿಕ ನಿಷೇಧಿಸಿತು. ಆದರೆ ದಕ್ಷಿಣದ ಹತ್ತಿ, ಕಬ್ಬಿನ ಹೊಲಗಳಿಗೆ ಆಳು ಬೇಕಿತ್ತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಕೆಳಗಿನ ರಾಜ್ಯಗಳಿಗೆ ಒಳನಾಡಿನ ವ್ಯಾಪಾರ ಬೆಳೆಯಿತು. 1860ರೊಳಗೆ ಹೀಗೆ ಸಾಗಿದವರು ಸುಮಾರು ಹತ್ತು ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. ಜಾನ್ ಗ್ರೀನ್‌ಲೀಫ್ ವಿಟ್ಟಿಯರ್ 1838ರಲ್ಲಿ ಬರೆದ, ದಕ್ಷಿಣಕ್ಕೆ ಮಾರಾಟವಾದ ಹೆಣ್ಣುಮಕ್ಕಳಿಗೆ ವರ್ಜೀನಿಯಾದ ತಾಯಿ ವಿದಾಯ ಹೇಳುವ ಕವಿತೆಯ ಹಿನ್ನೆಲೆ ಇದು. ‘ಹೋದರು, ಹೋದರು, ಮಾರಿಹೋದರು’ ಎಂಬ ಪಲ್ಲವಿ ಭತ್ತದ ಜೌಗು ನೆಲದ ಕಡೆಗೆ ಬೆರಳು ತೋರಿಸುತ್ತದೆ. ಫ್ರೆಡರಿಕ್ ಡಗ್ಲಾಸ್ 1845ರ ಆತ್ಮಕಥೆಯಲ್ಲಿ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಳೆದುಕೊಂಡ ಅಜ್ಜಿಯ ಮಾತು ಬಂದಾಗ ಎತ್ತಿಕೊಂಡದ್ದು ಇದೇ ಸಾಲುಗಳನ್ನು. ಬಿಳಿಯ ಕವಿಯೊಬ್ಬನ ಪದ್ಯ ಗುಲಾಮನಾಗಿದ್ದವನಿಗೆ ಕೆಲಸಕ್ಕೆ ಬಂದ ಅಪರೂಪದ ಸಂದರ್ಭ.

ತಡೆ ಕಾನೂನು ಇರಲೇ ಇಲ್ಲವೇ ಎಂದರೆ, ಲೂಯಿಸಿಯಾನಾದಂಥ ಕಡೆ ಹತ್ತು ವರ್ಷದೊಳಗಿನ ಮಗುವನ್ನು ತಾಯಿಯಿಂದ ಬೇರೆ ಮಾರಬಾರದು ಎಂದಿತ್ತು. ಹತ್ತು ದಾಟಿದ ಮರುದಿನ ಏನು ಎಂಬುದನ್ನು ಹೇಳಬೇಕಿಲ್ಲ.

ಹಾರ್ಪರ್‌ರ ‘ದಿ ಸ್ಲೇವ್ ಮದರ್’ ಎಂಬ ಒಂದೇ ಹೆಸರಿನ ಎರಡು ಕವಿತೆ ಸಿಗುತ್ತಿವೆ. ಯಾವುದು ಯಾವುದು?

ಈ ಗೊಂದಲ ಎಲ್ಲರಿಗೂ ಆಗುತ್ತದೆ. ‘ಚೀರು ಕೇಳಿದಿರಾ’ ಎಂದು ಶುರುವಾಗುವುದು 1854ರದು. ‘ನನಗಿರುವುದು ನಾಲ್ಕೇ’ ಎಂದು ತಾಯಿಯೇ ಮಾತು ತೆಗೆಯುವುದು 1857ರದು; ಅದಕ್ಕೆ ‘ಎ ಟೇಲ್ ಆಫ್ ದಿ ಓಹಾಯೋ’ ಎಂಬ ಉಪಶೀರ್ಷಿಕೆ ಇದೆ. ಮೊದಲ ಸಾಲು ನೋಡಿಯೇ ಗುರುತಿಸಿ, ಶೀರ್ಷಿಕೆ ನಂಬಬೇಡಿ. ಇದೇ ಶೀರ್ಷಿಕೆಯಲ್ಲಿ ಬೇರೆಯವರೂ ಬರೆದಿದ್ದಾರೆ.

ಎರಡನ್ನೂ ಹೊಲಿದಿರುವ ಒಂದು ದಾರ ಇದೆ. 1854ರಲ್ಲಿ ‘ಕ್ರೂರ ಕೈಗಳು’ ಮನೆಯೊಲವಿನ ಏಕೈಕ ಹೂಮಾಲೆಯನ್ನು ಹರಿಯಬಹುದು ಎಂದಿತ್ತು. 1857ರ ಮೊದಲ ಪದ್ಯದಲ್ಲೇ ಯಾವುದೋ ‘ಕ್ರೂರ ಕೈ’ ನನ್ನ ಮನೆಯ ಮಾಲೆಗಳನ್ನು ಹರಿದೀತು ಎಂದು ತಾಯಿ ನಡುಗುತ್ತಾಳೆ. ಅದೇ ಚಿತ್ರ. ಮೊದಲನೆಯದರಲ್ಲಿ ಅವಳನ್ನು ನೋಡಿ ಯಾರೋ ಹೇಳಿದ್ದನ್ನು ಇಲ್ಲಿ ಅವಳೇ ಹೇಳುತ್ತಾಳೆ, ಹೇಳಿ ಸುಮ್ಮನಿರುವುದಿಲ್ಲ.

ಓಹಾಯೋ ಕವಿತೆಯ ಹಿಂದಿನ ನಿಜ ಘಟನೆ ಏನು?

ಮಾರ್ಗರೆಟ್ ಗಾರ್ನರ್. 1856ರ ಜನವರಿ ಕೊನೆಯಲ್ಲಿ, ಓಹಾಯೋ ನದಿ ಹೆಪ್ಪುಗಟ್ಟಿದ್ದಾಗ, ಕೆಂಟಕಿಯ ಬೂನ್ ಕೌಂಟಿಯಿಂದ ಗಂಡ, ಅತ್ತೆ ಮಾವ, ನಾಲ್ಕು ಮಕ್ಕಳ ಜೊತೆ ಹಿಮದ ಮೇಲೆ ನಡೆದು ನದಿ ದಾಟಿ ಸಿನ್ಸಿನಾಟಿ ಸೇರಿದಳು. ಕೆಲವೇ ಗಂಟೆಗಳಲ್ಲಿ ಬೆನ್ನಟ್ಟಿ ಬಂದವರು ಮನೆ ಸುತ್ತುವರಿದರು. ಮಕ್ಕಳನ್ನು ಮತ್ತೆ ಗುಲಾಮಗಿರಿಗೆ ಕೊಡುವುದಿಲ್ಲವೆಂದು ಎರಡು ವರ್ಷದ ಮಗಳ ಕತ್ತು ಕೊಯ್ದಳು. ಉಳಿದ ಮಕ್ಕಳನ್ನು ಕೊಲ್ಲುವ ಮೊದಲೇ ಹಿಡಿದರು.

ಓಹಾಯೋ ಗುಲಾಮಗಿರಿ ಇಲ್ಲದ ರಾಜ್ಯ. ಆದರೂ 1850ರ ಪಲಾಯಿತ ಗುಲಾಮರ ಕಾಯಿದೆ ಅಲ್ಲೂ ನಡೆಯುತ್ತಿತ್ತು. ಸಹಾಯ ಮಾಡಿದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ವಿಚಾರಣೆ ನಡೆಸುವ ಕಮಿಷನರ್‌ಗೆ ಹಿಡಿದು ತಂದವರನ್ನು ಧಣಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟರೆ 5 ಡಾಲರ್ ಶುಲ್ಕ. ತಕ್ಕಡಿ ಯಾವ ಕಡೆ ವಾಲುತ್ತಿತ್ತು ಎಂದು ಬೇರೆ ಹೇಳಬೇಕೇ?

ವಿಚಾರಣೆ ವಾರಗಟ್ಟಲೆ ಎಳೆಯಿತು. ಅವಳ ಮೇಲೆ ಕೊಲೆ ಆರೋಪ ಹೊರಿಸಿ ಎಂದು ಪಟ್ಟು ಹಿಡಿದವರು ಅವಳ ಪರ ಇದ್ದವರು! ಕೊಲೆ ಆರೋಪಿ ಎಂದರೆ ಮನುಷ್ಯಳು ಎಂದು ಒಪ್ಪಿದ ಹಾಗೆ, ಓಹಾಯೋದಲ್ಲೇ ಉಳಿಸಿಕೊಳ್ಳಬಹುದಿತ್ತು. ಸೊತ್ತು ಎಂದೇ ತೀರ್ಮಾನವಾಗಿ ಧಣಿಯ ಕೈಗೆ ಮರಳಿದಳು. ದಕ್ಷಿಣಕ್ಕೆ ಒಯ್ಯುತ್ತಿದ್ದ ಹಡಗು ಡಿಕ್ಕಿಯಾಗಿ ಕೈಗೂಸು ನೀರುಪಾಲಾಯಿತು. 1858ರಲ್ಲಿ ಟೈಫಾಯಿಡ್‌ನಿಂದ ಅವಳೂ ಸತ್ತಳು. ಟೋನಿ ಮಾರಿಸನ್ 1987ರ ‘ಬಿಲವೆಡ್’ ಕಾದಂಬರಿಗೆ ಎಳೆ ಹಿಡಿದದ್ದು ಇಲ್ಲಿಂದ.

ಮಗುವನ್ನು ಕೊಂದದ್ದನ್ನು ಹಾರ್ಪರ್ ಸಮರ್ಥಿಸುತ್ತಾರೆಯೇ?

ಸಮರ್ಥನೆಯೂ ಇಲ್ಲ, ಖಂಡನೆಯೂ ಇಲ್ಲ. ಆರೋಪಿಯ ಸ್ಥಾನದಲ್ಲಿ ಓಹಾಯೋವನ್ನು ನಿಲ್ಲಿಸುತ್ತಾರೆ. ಯೆಹೂದ್ಯರ ನಾಡಿನಲ್ಲಿ ಓಡಿ ಬಂದವರಿಗೆ ಆಶ್ರಯ ನಗರಗಳಿದ್ದವು, ರೋಮ್‌ನಲ್ಲೂ ಗುಲಾಮ ಹೋಗಿ ಅವಿತುಕೊಳ್ಳಬಹುದಾದ ಬಲಿಪೀಠಗಳಿದ್ದವು, ನಿನ್ನಲ್ಲಿ ಏನಿದೆ ಎಂಬ ಪ್ರಶ್ನೆ. ಅದಾದ ಮೇಲೆಯೇ ತಾಯಿಯ ತೀರ್ಮಾನ ಬರುತ್ತದೆ: ಓಹಾಯೋ ಕಾಪಾಡಲಾರದಿದ್ದರೆ, ಸಮಾಧಿಯ ಬಾಗಿಲಿನಿಂದ ಮಕ್ಕಳಿಗೆ ಬಿಡುಗಡೆಯ ದಾರಿ ಕಡಿಯುತ್ತೇನೆ.

‘ನನಗಿರುವುದು ನಾಲ್ಕೇ’ ಎಂದು ‘ನಾನು’ ಆಗಿ ಶುರುವಾದ ದನಿ, ಚಾಕು ಹೊಳೆಯುವ ಸಾಲಿಗೆ ಬಂದಾಗ ‘ಅವಳು’ ಆಗಿರುತ್ತದೆ. ಆ ಕ್ಷಣದಲ್ಲಿ ಅವಳ ಮನಸ್ಸಿನೊಳಗೆ ಕೂತು ಮಾತಾಡುವ ಹಕ್ಕು ತನಗಿಲ್ಲ ಎಂದು ಕವಿ ಹಿಂದೆ ಸರಿದಂತೆ ನಮಗೆ ತೋರುತ್ತದೆ. ತರಗತಿಯಲ್ಲಿ ‘ಅವಳು ಮಾಡಿದ್ದು ಸರಿಯೋ ತಪ್ಪೋ’ ಎಂದು ಚರ್ಚಾಸ್ಪರ್ಧೆ ಇಟ್ಟರೆ ಕವಿತೆ ಅಲ್ಲಿಗೆ ಕೆಟ್ಟಿತು. ‘ಅವಳ ಮುಂದೆ ಬೇರೆ ಯಾವ ಬಾಗಿಲುಗಳಿದ್ದವು, ಒಂದೊಂದನ್ನೂ ಯಾರು ಮುಚ್ಚಿದರು’ ಎಂದು ಕೇಳಿ.

ಬ್ರೌನಿಂಗ್ ಕವಿತೆ ಇದಕ್ಕಿಂತ ಹೇಗೆ ಬೇರೆ?

ಅಲ್ಲಿ ತಾಯಿ ಪ್ರೀತಿಯಿಂದ ಮಾತ್ರ ಕೊಲ್ಲುವುದಿಲ್ಲ, ದ್ವೇಷವೂ ಬೆರೆತಿದೆ. ಅವಳ ಪ್ರಿಯಕರನನ್ನು ಕೊಂದಿದ್ದಾರೆ, ಧಣಿಗಳು ಅವಳ ಮೇಲೆ ಅತ್ಯಾಚಾರ ಮಾಡಿದ್ದಾರೆ, ಹುಟ್ಟಿದ ಮಗು ಬಿಳಿ. ಆ ಮಗುವಿನ ಕಣ್ಣಲ್ಲಿ ಧಣಿಯ ನೋಟ ಕಂಡು ಸಹಿಸಲಾರದೆ ಬಟ್ಟೆಯಿಂದ ಮುಖ ಮುಚ್ಚಿ ಉಸಿರುಗಟ್ಟಿಸುತ್ತಾಳೆ. ಮಣ್ಣು ಮಾಡಿದ ಮೇಲೆಯೇ ಅವಳಿಗೆ ಮಗುವಿನ ಜೊತೆ ರಾಜಿಯಾಗುತ್ತದೆ. 1662ರ ನಿಯಮ ಬಸಿರಿನ ಒಳಗೆ ಮಾಡಿದ ಕೆಲಸವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಕವಿತೆ ಆ ಕಾಲದಲ್ಲಿ ನಮಗೆ ಇನ್ನೊಂದು ಕಾಣದು. ಅವಳು ನಿಂತು ಶಪಿಸುವ ಜಾಗ, ಸ್ವಾತಂತ್ರ್ಯ ಹುಡುಕಿ ಬಂದ ಬಿಳಿಯ ಯಾತ್ರಿಕರು ಇಳಿದರೆಂದು ಹೇಳುವ ಪ್ಲಿಮತ್‌ನ ಬಂಡೆ.

ಬಾಸ್ಟನ್‌ನ ಗುಲಾಮಗಿರಿ ವಿರೋಧಿ ಸಂತೆಯಲ್ಲಿ ಮಾರುತ್ತಿದ್ದ ‘ದಿ ಲಿಬರ್ಟಿ ಬೆಲ್’ ವಾರ್ಷಿಕದ 1848ರ ಸಂಚಿಕೆಗಾಗಿ ಬರೆದದ್ದಿದು. ಬ್ರೌನಿಂಗ್‌ರ ತಂದೆಯ ಮನೆತನಕ್ಕೆ ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದವು, ಆ ತೋಟಗಳಲ್ಲಿ ಗುಲಾಮರಿದ್ದರು ಎಂಬುದನ್ನೂ ನೆನಪಿಡಿ.

ಗುಲಾಮರಾಗಿದ್ದ ತಾಯಂದಿರೇ ಬರೆದ ಕವಿತೆ ಯಾಕೆ ಸಿಗುವುದಿಲ್ಲ?

ದಕ್ಷಿಣದ ಹಲವು ರಾಜ್ಯಗಳಲ್ಲಿ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಸೌತ್ ಕೆರೊಲಿನಾ 1740ರಲ್ಲೇ ಗುಲಾಮರಿಗೆ ಬರೆಯಲು ಕಲಿಸುವುದನ್ನು ನಿಷೇಧಿಸಿತು. ನಾರ್ತ್ ಕೆರೊಲಿನಾ 1830ರಲ್ಲಿ ಓದು ಬರಹ ಎರಡನ್ನೂ. ಆ ಗೋಡೆ ದಾಟಿದವರಲ್ಲಿ ಒಬ್ಬ ಜಾರ್ಜ್ ಮೋಸೆಸ್ ಹಾರ್ಟನ್. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪ್ರೇಮಪದ್ಯ ಕಟ್ಟಿಕೊಟ್ಟು 25ರಿಂದ 75 ಸೆಂಟ್ ಪಡೆಯುತ್ತಿದ್ದವನು; ಧಣಿಯ ಆಸ್ತಿ ಪಾಲಾಗುವ ದಿನದ ಬಗ್ಗೆಯೂ ಅವನದೊಂದು ಕವಿತೆ ಇದೆ. ಬಾಸ್ಟನ್‌ನಲ್ಲಿ ಗುಲಾಮಳಾಗಿದ್ದ ಫಿಲಿಸ್ ವೀಟ್ಲಿ 1773ರ ಸಂಕಲನದಲ್ಲಿ ತನ್ನನ್ನು ಆಫ್ರಿಕಾದಿಂದ ಕಿತ್ತು ತಂದಾಗ ಹೆತ್ತವರ ಎದೆ ಏನಾಗಿರಬಹುದು ಎಂದು ಕೇಳುತ್ತಾಳೆ. ಸೋಜಿಗವೆಂದರೆ ಅಲ್ಲಿ ಅವಳು ಹೆಸರಿಸುವುದು ತಂದೆಯನ್ನು.

ತಾಯಂದಿರ ದನಿ ಉಳಿದಿರುವುದು ಹಾಡಿನಲ್ಲಿ, ಗದ್ಯದಲ್ಲಿ. ‘ತಬ್ಬಲಿಯಂತೆ ಅನಿಸುತ್ತದೆ ಒಮ್ಮೊಮ್ಮೆ’ ಎಂಬ, ಗುಲಾಮರು ಹಾಡುತ್ತಿದ್ದ ‘ಸ್ಪಿರಿಚುಯಲ್’ ಭಕ್ತಿಗೀತೆ ಮಗುವಿನ ಕಡೆಯದು. ತಾಯಿಯ ಕಡೆಯದಕ್ಕೆ ಹ್ಯಾರಿಯೆಟ್ ಜೇಕಬ್ಸ್‌ರ 1861ರ ಆತ್ಮಕಥೆ ಓದಿ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದಲ್ಲಿ ಮೂರು ಅಡಿ ಇದ್ದ ಅಟ್ಟದಲ್ಲಿ ಧಣಿಯ ಕಣ್ಣು ತಪ್ಪಿಸಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದು, ತಾನೇ ಕೊರೆದ ತೂತಿನಿಂದ ಮಕ್ಕಳನ್ನು ನೋಡುತ್ತಿದ್ದವರು.

‘ನಾನು ಹೆಣ್ಣಲ್ಲವೇ’ ಎಂಬುದು ಸೋಜರ್ನರ್ ಟ್ರೂತ್ ಬರೆದ ಕವಿತೆ ತಾನೇ?

ಅಲ್ಲ, ಅದು ಗುಲಾಮಗಿರಿಯಿಂದ ಹೊರಬಂದು ಅದರ ವಿರುದ್ಧ ಮಾತಾಡುತ್ತಿದ್ದ ಟ್ರೂತ್ 1851ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ಮಾಡಿದ ಭಾಷಣ. ಕವಿತೆಯಂತೆ ಸಾಲು ಮುರಿದು ಹಂಚುತ್ತಿರುವುದು ಆಮೇಲಿನವರ ಕೆಲಸ. ಇನ್ನೂ ದೊಡ್ಡ ತೊಂದರೆ: ಭಾಷಣವಾದ ಕೆಲವೇ ವಾರಗಳಲ್ಲಿ ಅಚ್ಚಾದ ವರದಿಯಲ್ಲಿ ಆ ಪಲ್ಲವಿ ಇಲ್ಲ, ‘ಹದಿಮೂರು ಮಕ್ಕಳು ಮಾರಾಟವಾದದ್ದನ್ನು ಕಂಡೆ’ ಎಂಬ ಮಾತೂ ಇಲ್ಲ. ಎರಡೂ ಬರುವುದು ಆ ಸಭೆಯ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ಗೇಜ್ 1863ರಲ್ಲಿ ಪ್ರಕಟಿಸಿದ ಪಾಠದಲ್ಲಿ. ಟ್ರೂತ್‌ಗೆ ಇದ್ದದ್ದು ಐವರು ಮಕ್ಕಳು. ನ್ಯೂಯಾರ್ಕ್ ರಾಜ್ಯದವರು, ಮೊದಲ ಭಾಷೆ ಡಚ್. ಗೇಜ್ ಟ್ರೂತ್‌ರ ಬಾಯಲ್ಲಿ ದಕ್ಷಿಣದ ಆಡುಮಾತು ತುರುಕಿದ್ದಾರೆ. ನಿಜಸಂಗತಿಯೇನೂ ಇದಕ್ಕಿಂತ ಸಪ್ಪೆಯಲ್ಲ: ಅಲಬಾಮಾಕ್ಕೆ ಅಕ್ರಮವಾಗಿ ಮಾರಿದ್ದ ಮಗ ಪೀಟರ್‌ನನ್ನು 1828ರಲ್ಲಿ ಕೋರ್ಟಿಗೆ ಹೋಗಿ ಗೆದ್ದು ತಂದವರು ಅವರು.

ಇವೆಲ್ಲ ಅತಿ ಭಾವುಕ ಅನಿಸುವುದಿಲ್ಲವೇ?

ಕೆಲವು ಕಡೆ ಹೌದು. ಏಳನೆಯ ಪದ್ಯದ ‘ಬಾಳಿನ ಮರಳುಗಾಡಿನಲ್ಲಿ ಚಿಮ್ಮುವ ಬುಗ್ಗೆ’ ಆ ಕಾಲದ ಸಿದ್ಧಸರಕು. ಹಾರ್ಪರ್ ಅಲ್ಲ, ಯಾರು ಬೇಕಾದರೂ ಬರೆಯುತ್ತಿದ್ದರು. ಆದರೆ ಆ ಸರಕನ್ನು ಆರಿಸಿಕೊಂಡದ್ದಕ್ಕೆ ಲೆಕ್ಕಾಚಾರವಿತ್ತು. ಸಭೆಯಲ್ಲಿ ಕೂತಿದ್ದವರಲ್ಲಿ ಹಲವರು ಉತ್ತರದ ಬಿಳಿಯ ಮಧ್ಯಮವರ್ಗದ ಹೆಂಗಸರು, ತಾಯ್ತನವೇ ಹೆಣ್ಣಿನ ಪುಣ್ಯಪದವಿ ಎಂದು ದಿನಾ ಓದುತ್ತಿದ್ದವರು. ಅವರದೇ ನುಡಿಗಟ್ಟಿನಲ್ಲಿ ಹೇಳಿ, ಹಾಗಾದರೆ ಈ ತಾಯಿ ಯಾಕೆ ತಾಯಿಯಲ್ಲ ಎಂದು ಸಿಕ್ಕಿಸಿಹಾಕುವ ವಾದ ಇದು.

ನಿಜವಾದ ಮಿತಿ ಬೇರೆ ಕಡೆ ಇದೆ. ಹಾರ್ಪರ್‌ರ ಈ ಮಾದರಿಯಲ್ಲಿ ತಾಯಿ ಯಾವಾಗಲೂ ನಿಷ್ಕಳಂಕಳಾಗಿರಬೇಕು. ಸಿಟ್ಟಾಗುವವಳು, ಮಗು ಬೇಡವೆನ್ನುವವಳು, ದಿನದ ದುಡಿಮೆಯಲ್ಲಿ ಸೋತು ಮಗುವಿನ ಮುಖ ನೋಡಲೂ ಆಗದವಳು ಇಲ್ಲಿಲ್ಲ. ಡಗ್ಲಾಸ್ ತನ್ನ ತಾಯಿಯನ್ನು ನೋಡಿದ್ದು ನಾಲ್ಕೈದು ಸಲ ಮಾತ್ರ. ಹೊಲದ ಕೆಲಸ ಮುಗಿಸಿ ರಾತ್ರಿ ಹನ್ನೆರಡು ಮೈಲಿ ನಡೆದು ಬಂದು ಪಕ್ಕದಲ್ಲಿ ಮಲಗಿ, ಬೆಳಗಾಗುವ ಮುಂಚೆ ಹೊರಟುಬಿಡುತ್ತಿದ್ದಳು. ಅವಳು ಸತ್ತ ಸುದ್ದಿ ಅಪರಿಚಿತರ ಸಾವಿನಂತೆ ಕೇಳಿಸಿತು ಎಂದು ಬರೆಯುತ್ತಾನೆ. ಹಾರ್ಪರ್‌ರ 1854ರ ಕವಿತೆಯಲ್ಲಿ ಈ ಬಗೆಯ ನೋವಿಗೆ ಜಾಗವಿಲ್ಲ.

ರಾಘವಾಂಕನ ಚಂದ್ರಮತಿಯ ಜೊತೆ ಹೋಲಿಸಿ ಬರೆಯಬಹುದೇ?

ಬರೆಯಬಹುದು, ಎಚ್ಚರದಿಂದ. ಹರಿಶ್ಚಂದ್ರ ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರುವುದು ಸಾಲ ತೀರಿಸಲಿಕ್ಕೆ. ಅಷ್ಟರ ಮಟ್ಟಿಗೆ ವರ್ಜೀನಿಯಾದ ಹರಾಜಿಗೂ ಇದಕ್ಕೂ ನಂಟಿದೆ. ವ್ಯತ್ಯಾಸಗಳು ಮುಖ್ಯ. ಲೋಹಿತಾಶ್ವ ತಾಯಿಯ ಜೊತೆಗೇ ಹೋಗುತ್ತಾನೆ. ಚಂದ್ರಮತಿಗೆ ಹೆಸರಿದೆ, ಕುಲವಿದೆ, ಮಗನ ಹೆಣದ ಮೇಲೆ ಬಿದ್ದು ಅಳುವ ಹಕ್ಕಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಪರೀಕ್ಷೆ. ಪರೀಕ್ಷೆ ಮುಗಿದಾಗ ಕಳೆದುಕೊಂಡದ್ದೆಲ್ಲ ಮರಳುತ್ತದೆ. ಹಾರ್ಪರ್‌ರ ತಾಯಿಯನ್ನು ಯಾರೂ ಪರೀಕ್ಷಿಸುತ್ತಿಲ್ಲ. ‘ಎರಡೂ ಕಡೆ ಹೆತ್ತ ಕರುಳಿನ ಸಂಕಟ ಒಂದೇ’ ಎಂದು ಮುಗಿಸಿದ ಪ್ರಬಂಧ ಎರಡು ಕಾವ್ಯಕ್ಕೂ ಅನ್ಯಾಯ ಮಾಡುತ್ತದೆ.

ಸಭೆಯಲ್ಲಿ ಗಟ್ಟಿಯಾಗಿ ಓದುವುದು ಹೇಗೆ?

ನಲವತ್ತು ಸಾಲಿಗೆ ಎರಡರಿಂದ ಎರಡೂವರೆ ನಿಮಿಷ ಸಾಕು. ಸಾಮಾನ್ಯವಾಗಿ ಆಗುವ ತಪ್ಪು, ಮೊದಲ ಸಾಲಿಗೇ ದನಿ ಏರಿಸುವುದು. ಮೊದಲ ಮೂರು ಪದ್ಯ ದಾರಿಹೋಕನೊಬ್ಬ ಪಕ್ಕದವನನ್ನು ಕೇಳುವ ಧಾಟಿಯಲ್ಲಿರಲಿ. ಪ್ರತಿ ಪ್ರಶ್ನೆಯ ನಂತರ ಒಂದು ಉಸಿರು ನಿಲ್ಲಿ. ‘ಅವನು ಅವಳವನಲ್ಲ’ ಮೂರು ಸಲ ಬಂದಾಗ ದನಿ ಏರಬಾರದು, ಇಳಿಯಬೇಕು, ತೀರ್ಪು ಓದುವ ಗುಮಾಸ್ತನಂತೆ. ಏರಿಸುವುದಿದ್ದರೆ ಒಂಬತ್ತನೆಯ ಪದ್ಯದಲ್ಲಿ ಮಾತ್ರ. ಹತ್ತನೆಯದು ‘ಹಾಗಿದ್ದ ಮೇಲೆ ಅಚ್ಚರಿಯೇನು’ ಎಂದು ಶುರುವಾಗುತ್ತದೆ. ವಾದ ಮುಗಿಸುವ ಶಾಂತ ದನಿ ಅದಕ್ಕೆ ಸರಿ.

ಹಾಡಬಹುದೇ ಎಂದು ಕೇಳುತ್ತಾರೆ. ಎರಡನೆಯ ಪದ್ಯದಿಂದ ಮುಂದೆ 8-6-8-6 ಉಚ್ಚಾರಾಂಶಗಳ ಪ್ರಾರ್ಥನಾಗೀತೆಯ ಅಳತೆ, ‘ಅಮೇಜಿಂಗ್ ಗ್ರೇಸ್’ ಧಾಟಿಗೆ ಕೂರುತ್ತದೆ. ಮೊದಲ ಪದ್ಯ ಮಾತ್ರ 6-6-8-6. ಮೊದಲ ಸಾಲಿನಲ್ಲೇ ಎರಡು ಉಚ್ಚಾರಾಂಶ ಕಡಿಮೆ ಬಿದ್ದು ಹಾಡುಗಾರ ಮುಗ್ಗರಿಸುತ್ತಾನೆ. ಅದನ್ನು ಮಾತಿನಲ್ಲೇ ಹೇಳಿ ಎರಡನೆಯದರಿಂದ ಹಾಡು ಎತ್ತಿಕೊಳ್ಳಿ. (ಆ ಗೀತೆ ಬರೆದ ಜಾನ್ ನ್ಯೂಟನ್ ಗುಲಾಮರ ಹಡಗಿನ ಕಪ್ತಾನನಾಗಿದ್ದವನು. ಬೇಡವೆನಿಸಿದರೆ ಅದೇ ಅಳತೆಯ ಬೇರೆ ಧಾಟಿ ಬೇಕಾದಷ್ಟಿವೆ.)

ಕನ್ನಡಕ್ಕೆ ತರುವಾಗ ಏನು ಕೆಡುತ್ತದೆ?

ತ್ರಿಪದಿಗೆ ಕೈ ಹಾಕುವ ಆಸೆ ಆಗುತ್ತದೆ, ತಾಯಿ ಮಗುವಿನ ಹಾಡು ಅಲ್ಲಿ ನಮಗೆ ಬಳಕೆ. ಆದರೆ ತ್ರಿಪದಿಯಲ್ಲಿ ಮಾತು ಮೂರನೆಯ ಸಾಲಿಗೆ ಮುಗಿದು ಸಮಾಧಾನ ತಂದುಕೊಂಡುಬಿಡುತ್ತದೆ. ಇಲ್ಲಿ ಪ್ರಶ್ನೆ ತೂಗುತ್ತಾ ನಿಲ್ಲಬೇಕು. ನಾಲ್ಕು ಸಾಲಿನ ಚೌಪದಿ, ನಾಲ್ಕು ಮಾತ್ರೆಯ ನಡೆ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಅಂತ್ಯಪ್ರಾಸ, ಇಷ್ಟಿದ್ದರೆ ಸಾಕು. ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಈ ಬಗೆಯ ಅಳತೆಗಳನ್ನು ಕನ್ನಡಕ್ಕೆ ಒಗ್ಗಿಸಿದ್ದಾರೆ. ಅದರಲ್ಲಿನ ‘ದುಃಖಸೇತು’ವನ್ನು ಎದುರಿಗಿಟ್ಟುಕೊಂಡು ಕೂರಿ. ಕ್ರಿಯಾಪದ ಮೊದಲು ಬರಲಿ: ‘ಕೇಳಿದಿರಾ ಆ ಚೀರು’. ಅದನ್ನು ಕೊನೆಗೆ ತಳ್ಳಿದರೆ ಹೊಡೆತ ಹೋಗುತ್ತದೆ. ಮೊದಲ ಪದ್ಯದ ‘ಏನೋ’ ಮತ್ತು ಕೊನೆಯ ಪದ್ಯದ ‘ಇದೆ’ ಎರಡನ್ನೂ ಬೇಕೆಂದೇ ಉಳಿಸಿಕೊಳ್ಳಿ.

ಉತ್ತರ ಕನ್ನಡದ ಸಿದ್ದಿಗಳಿಗೂ ಈ ಕವಿತೆಗಳಿಗೂ ಸಂಬಂಧ ಇದೆಯೇ?

ನೇರ ಸಂಬಂಧ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದವರು, ಹಲವರು ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದವರು. ಅದು ಹಿಂದೂ ಮಹಾಸಾಗರದ ವ್ಯಾಪಾರ. ಕಾನೂನು, ಕಾಲ, ಬೇಸಾಯ ಎಲ್ಲ ಬೇರೆ. ಅವರ ಹಾಡುಗಳನ್ನು ಅವರ ಇತಿಹಾಸದೊಳಗೇ ಇಟ್ಟು ಕೇಳಬೇಕು.

ತಾಯಿ ಮಗ ಮತ್ತೆ ಸೇರುವ ಕವಿತೆ ಒಂದಾದರೂ ಇದೆಯೇ?

ಇದೆ. ಹಾರ್ಪರ್‌ರ ‘ಸ್ಕೆಚಸ್ ಆಫ್ ಸದರ್ನ್ ಲೈಫ್’ನ ಕ್ಲೋಯಿಯ ಪದ್ಯಗಳಲ್ಲಿ. ಧಣಿ ಸತ್ತು ಸಾಲ ಹೊರಬಿದ್ದಾಗ ಅವಳ ಮಕ್ಕಳನ್ನು ಮಾರುತ್ತಾರೆ. ಅಮೆರಿಕದ ಅಂತರ್ಯುದ್ಧ ಮುಗಿದು ಬಿಡುಗಡೆಯಾಗಿ ವರ್ಷಗಳ ಮೇಲೆ, ಒಂದು ಬೆಳಗ್ಗೆ ಬೀದಿಯಲ್ಲಿ ಯಾರೋ ಅಪರಿಚಿತ ‘ಮಿಸೆಸ್ ಕ್ಲೋಯಿ ಫ್ಲೀಟ್ ಎಲ್ಲಿದ್ದಾರೆ’ ಎಂದು ವಿಚಾರಿಸುವುದು ಅವಳ ಕಿವಿಗೆ ಬೀಳುತ್ತದೆ. ಮಗ ಜೇಕಿ. ಒಡತಿಯ ಮಗ ತೀರಿಕೊಂಡಿದ್ದಾನೆ, ಈಗ ಅವಳಿಗಿಂತ ನಾನೇ ಸಿರಿವಂತೆ ಎಂದು ಕ್ಲೋಯಿ ಹೇಳುವಾಗ ಅದರಲ್ಲಿ ಸ್ವಲ್ಪ ಖಾರವೂ ಇದೆ. 1854ರ ತಾಯಿಗೆ ಸಿಗದಿದ್ದ ಸ್ವಾತಂತ್ರ್ಯ ಅದು.

ನಿಜಜೀವನದಲ್ಲಿ ಹೀಗೆ ಸಿಕ್ಕವರು ಕಡಿಮೆ. 1865ರ ನಂತರ ಕಪ್ಪು ಜನರ ಪತ್ರಿಕೆಗಳಲ್ಲಿ, ಫಿಲಡೆಲ್ಫಿಯಾದ ‘ಕ್ರಿಶ್ಚಿಯನ್ ರೆಕಾರ್ಡರ್’ ಸೇರಿದಂತೆ, ‘ಮಾಹಿತಿ ಬೇಕಾಗಿದೆ’ ಎಂಬ ಜಾಹೀರಾತುಗಳು ದಶಕಗಟ್ಟಲೆ ಬಂದವು: ಮಗುವಿನ ಹೆಸರು, ಕೊನೆಗೆ ಕಂಡ ಊರು, ಮಾರಿದವನ ಹೆಸರು, ಕೊಂಡವನ ಹೆಸರು. ಅದೇ ಪತ್ರಿಕೆಯಲ್ಲಿ ಹಾರ್ಪರ್ ಧಾರಾವಾಹಿಯನ್ನೂ ಬರೆಯುತ್ತಿದ್ದರು. ಪಾಠ ಮಾಡುವವರು ನಾಲ್ಕೈದು ಜಾಹೀರಾತುಗಳನ್ನು ಮೊದಲು ಓದಿಸಿ ಆಮೇಲೆ ಕವಿತೆಗೆ ಬಂದರೆ, ‘ಭಾವುಕ’ ಎಂಬ ದೂರು ಅರ್ಧಕ್ಕರ್ಧ ತಾನಾಗಿ ಅಡಗುತ್ತದೆ. 1936ರಿಂದ 1938ರವರೆಗೆ ಸರ್ಕಾರದ ಯೋಜನೆಯಲ್ಲಿ ದಾಖಲಾದ ಮಾಜಿ ಗುಲಾಮರ 2,300ಕ್ಕೂ ಹೆಚ್ಚು ಹೇಳಿಕೆಗಳೂ ಸಿಗುತ್ತವೆ. ಆದರೆ ಹೇಳಿದವರಲ್ಲಿ ಹೆಚ್ಚಿನವರು ಬಾಲ್ಯದಲ್ಲಷ್ಟೇ ಗುಲಾಮಗಿರಿ ಕಂಡವರು, ಬರೆದುಕೊಂಡವರಲ್ಲಿ ಬಹುಪಾಲು ಬಿಳಿಯರು ಎಂಬುದು ಗಮನದಲ್ಲಿರಲಿ.

ಅನುವಾದಿಸಿ ಪ್ರಕಟಿಸಲು ಅನುಮತಿ ಬೇಕೇ?

ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾರ್ಪರ್, ಬ್ರೌನಿಂಗ್, ವಿಟ್ಟಿಯರ್, ಹಾರ್ಟನ್, ವೀಟ್ಲಿ ಯಾರಿಗೂ ಬೇಕಿಲ್ಲ. ಲ್ಯಾಂಗ್ಸ್‌ಟನ್ ಹ್ಯೂಸ್‌ರ ‘ದಿ ನೀಗ್ರೋ ಮದರ್’ ಸೇರಿಸುವುದಿದ್ದರೆ ಲೆಕ್ಕ ನೋಡಿ: ಅವರು ತೀರಿಕೊಂಡದ್ದು 1967ರಲ್ಲಿ, ಅವಧಿ 2027ರ ಕೊನೆಯವರೆಗೆ. ಟೋನಿ ಮಾರಿಸನ್ ತೀರಿಕೊಂಡದ್ದು 2019ರಲ್ಲಿ, ಅವರ ಕೃತಿಗೆ ಅನುಮತಿ ಬೇಕೇ ಬೇಕು. ಹಳೆಯ ಕವಿತೆಗಳಿಗೂ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಅಡಿಟಿಪ್ಪಣಿಗಳ ಹಕ್ಕು ಅವರದೇ. ಮೂಲ ಪಾಠವನ್ನು ಹಳೆಯ ಆವೃತ್ತಿಯಿಂದ ತೆಗೆದುಕೊಳ್ಳಿ.